ಮಾಜಿ ಸೈನಿಕನ ಮರಣ, ಮನೆಯವರ ಪಿಂಚಣಿ: ಸೇವೆಯೇ ಕಾರಣವೆಂದು ತೀರ್ಮಾನವಾಗುವುದು ಹೇಗೆ?

ಕೊಡಗು, ಸಕಲೇಶಪುರ, ಮೂಡಿಗೆರೆ ಕಡೆಯ ಯಾವುದೇ ಬೆಳೆಗಾರರ ಸಹಕಾರ ಸಂಘದ ಸದಸ್ಯರ ಪುಸ್ತಕವನ್ನು ತೆರೆದು ನೋಡಿದರೂ ಸೈನ್ಯದಿಂದ ನಿವೃತ್ತರಾಗಿ ಬಂದವರ ಹೆಸರುಗಳು ಸಿಗುತ್ತವೆ. ಕೊಡಗಿನಲ್ಲಂತೂ ಇದು ವಿಶೇಷವೇ ಅಲ್ಲ. ಮೂರು ನಾಲ್ಕು ಎಕರೆ ಕಾಫಿ, ಅದರೊಳಗೆ ಮೆಣಸು, ಗದ್ದೆ ಬದಿಯಲ್ಲಿ ಒಂದಿಷ್ಟು ಅಡಿಕೆ, ಜೊತೆಗೆ ತಿಂಗಳು ತಿಂಗಳು ಬರುವ ಪಿಂಚಣಿ. ಫಸಲಿನ ಹಣ ಕೈಗೆ ಬರುವುದು ವರ್ಷಕ್ಕೊಂದು ಸಲ. ನಡುವೆ ಗೊಬ್ಬರಕ್ಕೆ, ಕಳೆ ತೆಗೆಸುವುದಕ್ಕೆ, ಆಳಿನ ಸಂಬಳಕ್ಕೆ ಒದಗುವುದು ಆ ಪಿಂಚಣಿಯೇ. ಆದುದರಿಂದ ಈ ವಿಚಾರವನ್ನು ತೋಟದ ಲೆಕ್ಕದ ಹೊರಗಿನದೆಂದು ಯಾರೂ ತಿಳಿಯಬಾರದು.

ಮನೆಯ ಯಜಮಾನ ತೀರಿಕೊಂಡ ಮೇಲೆ ಆ ಪಿಂಚಣಿ ಕುಟುಂಬ ಪಿಂಚಣಿಯಾಗಿ ಹೆಂಡತಿಯ ಹೆಸರಿಗೆ ಬರುತ್ತದೆ. ಅದು ಎಷ್ಟು ಬರಬೇಕೆಂಬುದು ಒಂದು ಪ್ರಶ್ನೆಯ ಮೇಲೆ ನಿಂತಿದೆ. ಅವರು ಸತ್ತ ಕಾರಣಕ್ಕೂ ಅವರು ಮಾಡಿದ ಸೈನ್ಯದ ಕೆಲಸಕ್ಕೂ ಸಂಬಂಧವಿದೆಯೇ, ಇಲ್ಲವೇ?

ಕುಟುಂಬ ಪಿಂಚಣಿಯಲ್ಲಿ ಮೂರು ಬಗೆಗಳಿವೆ. ಸೇವೆಗೆ ಸಂಬಂಧವಿಲ್ಲದ ಕಾರಣದಿಂದ ಸತ್ತರೆ ಸಾಮಾನ್ಯ ಕುಟುಂಬ ಪಿಂಚಣಿ. ಅದು ಕೊನೆಯ ಸಂಬಳದ ಶೇಕಡಾ 30. ಸೇವೆಯಿಂದ ಉಂಟಾದ ಅಥವಾ ಸೇವೆಯಿಂದ ಉಲ್ಬಣಗೊಂಡ ರೋಗ, ಗಾಯಗಳಿಂದ ಸತ್ತರೆ ವಿಶೇಷ ಕುಟುಂಬ ಪಿಂಚಣಿ. ಅದು ಶೇಕಡಾ 60. ಯುದ್ಧದಲ್ಲಿ ಅಥವಾ ಉಗ್ರಗಾಮಿಗಳ ಕೈಯಲ್ಲಿ ಸತ್ತರೆ ಉದಾರೀಕೃತ ಕುಟುಂಬ ಪಿಂಚಣಿ, ಅಂದರೆ ಪೂರ್ತಿ ನೂರು. ಮೂರನೆಯದರ ಬಗ್ಗೆ ತಕರಾರು ಬರುವುದು ಅಪರೂಪ. ಜಗಳವೆಲ್ಲ ಮೊದಲನೆಯದಕ್ಕೂ ಎರಡನೆಯದಕ್ಕೂ ನಡುವೆ.

ಇದು ಎಂತಹ ಪ್ರಶ್ನೆ ಎಂಬುದು ನಮ್ಮ ಬೆಳೆಗಾರರಿಗೆ ಬೇರೆಯವರಿಗಿಂತ ಬೇಗ ಅರ್ಥವಾಗುತ್ತದೆ. ಅಣಬೆ ರೋಗ ಹಿಡಿದ ಅಡಿಕೆ ಮರವೊಂದು ಮಳೆಗಾಲದ ಗಾಳಿಗೆ ಉರುಳಿತೆನ್ನಿ. ಮರವನ್ನು ಬೀಳಿಸಿದ್ದು ಗಾಳಿ. ಆದರೆ ಪಕ್ಕದ ಮರಗಳೆಲ್ಲ ಅದೇ ಗಾಳಿಗೆ ನಿಂತೇ ಇವೆ. ಬೇರು ಕೊಳೆಯದಿದ್ದರೆ ಇದೂ ನಿಲ್ಲುತ್ತಿತ್ತು. ಪಿಂಚಣಿ ನಿಯಮದ ಮಾತೂ ಹೀಗೆಯೇ ಇದೆ. ಸೈನ್ಯದ 1961ರ ಪಿಂಚಣಿ ನಿಯಮಾವಳಿಯ 213ನೆಯ ನಿಯಮದ ಪ್ರಕಾರ, ಸೇವೆಗೆ ಸಂಬಂಧಿಸಿದ ರೋಗದಿಂದ ಮರಣ ಉಂಟಾಗಿದ್ದರೂ ಸರಿ, ಅಂತಹ ರೋಗ ಮರಣವನ್ನು ಬೇಗ ತಂದಿದ್ದರೂ ಸರಿ, ಕುಟುಂಬಕ್ಕೆ ವಿಶೇಷ ಪಿಂಚಣಿ ಕೊಡಬಹುದು. ರೋಗವು ಸೈನ್ಯಕ್ಕೆ ಸೇರುವ ಮೊದಲೇ ಇದ್ದು ಅಲ್ಲಿನ ಕೆಲಸದಿಂದ ಹೆಚ್ಚಾಗಿದ್ದರೂ ಆಯಿತು. ಸೇವೆಯೊಂದೇ ಕಾರಣವಾಗಿರಬೇಕೆಂದು ನಿಯಮ ಹೇಳುವುದಿಲ್ಲ. ಈ ಮಾತು ಅನೇಕರಿಗೆ ಗೊತ್ತಿಲ್ಲ. "ಗುಂಡು ತಗುಲಿ ಸತ್ತಿದ್ದರೆ ಸಿಗುತ್ತಿತ್ತು, ಇವರು ಮನೆಯಲ್ಲಿ ಸತ್ತರಲ್ಲ" ಎಂದು ಸುಮ್ಮನಾಗುವ ತಾಯಂದಿರು ಬಹಳ.

ಹೃದಯಾಘಾತವೆಂದರೆ ಹೇಗೂ ಬರುವ ಕಾಯಿಲೆ, ಅದಕ್ಕೂ ಸೈನ್ಯಕ್ಕೂ ಏನು ಸಂಬಂಧ ಎಂದು ಕೇಳುವವರಿದ್ದಾರೆ. ನಮ್ಮ ಮಡಿಕೇರಿಯ ಜನರಲ್ ತಿಮ್ಮಯ್ಯನವರು 1965ರ ಡಿಸೆಂಬರಿನಲ್ಲಿ ಸೈಪ್ರಸ್ಸಿನಲ್ಲಿ ವಿಶ್ವಸಂಸ್ಥೆಯ ಪಡೆಯ ದಂಡನಾಯಕರಾಗಿದ್ದಾಗ ತೀರಿಕೊಂಡದ್ದು ಹೃದಯಾಘಾತದಿಂದಲೇ. ಅವರು ಕರ್ತವ್ಯದ ಮೇಲಿದ್ದು ಪ್ರಾಣಬಿಟ್ಟರೆಂದು ನಾವೆಲ್ಲರೂ ಒಪ್ಪುತ್ತೇವೆ. ಒಬ್ಬ ಹವಾಲ್ದಾರನ ವಿಷಯ ಬಂದಾಗ ಮಾತ್ರ ಆ ಒಪ್ಪಿಗೆ ಅಷ್ಟು ಸುಲಭವಾಗಿ ದೊರೆಯುವುದಿಲ್ಲ. ಸೇವೆಯಲ್ಲಿರುವಾಗ ಹೃದಯದ ಕಾಯಿಲೆ ಬಂದರೆ, ಅದಕ್ಕೆ ಹಿಂದಿನ 14 ದಿನಗಳಲ್ಲಿ ಆತನಿಗೆ ಯಾವ ಯಾವ ಕೆಲಸ ಕೊಡಲಾಗಿತ್ತೆಂಬ ಪಟ್ಟಿಯನ್ನು ತರಿಸಿ ಸೈನ್ಯದ ವೈದ್ಯರು ನೋಡುತ್ತಾರೆ. ಹಾಗಾಗಿ ಆ ಹದಿನಾಲ್ಕು ದಿನಗಳ ಕಾಗದ ಸರಿಯಾಗಿ ಬರೆಯಲ್ಪಡಬೇಕು.

ಲೆಕ್ಕದಲ್ಲಿ ಅಡಗಿರುವ ಅಪಾಯ

ಒಬ್ಬ ನಾಯಕ್ ಹದಿನೇಳು ವರ್ಷ ಕೆಲಸ ಮಾಡಿ ಊರಿಗೆ ಬಂದನೆಂದು ಇಟ್ಟುಕೊಳ್ಳೋಣ. ಅದರಲ್ಲಿ ಕೆಲವು ವರ್ಷ ಲೇಹ್ ಕಡೆಯ ಎತ್ತರದ ಪ್ರದೇಶದಲ್ಲಿ. ಹದಿನೈದನೆಯ ವರ್ಷದಲ್ಲಿ ರಕ್ತದೊತ್ತಡ ಕಂಡುಬಂತು. ಊರಿಗೆ ಬಂದ ಐದನೆಯ ವರ್ಷ, ಅರೇಬಿಕಾ ಕೊಯ್ಲಿನ ಸಮಯ, ಕಣದಲ್ಲಿ ಕಾಫಿ ಹರಡುತ್ತಿದ್ದವನು ಕುಸಿದು ಬಿದ್ದ. ಆಸ್ಪತ್ರೆ ಮುಟ್ಟುವುದರೊಳಗೆ ಎಲ್ಲ ಮುಗಿಯಿತು. ಲೆಕ್ಕದ ಅನುಕೂಲಕ್ಕೆ ಅವನ ಕೊನೆಯ ಸಂಬಳ ರೂ. 40,000 ಎನ್ನೋಣ. ತುಟ್ಟಿಭತ್ಯೆ ಬೇರೆ.

ಸಾಮಾನ್ಯ ಕುಟುಂಬ ಪಿಂಚಣಿಯಾದರೆ ಶೇಕಡಾ 30ರಂತೆ ತಿಂಗಳಿಗೆ ರೂ. 12,000. ಆದರೆ ಮೊದಲಿಗೆ ಅಷ್ಟು ಕಡಿಮೆ ಬರುವುದಿಲ್ಲ. ನಿವೃತ್ತಿಯ ನಂತರ ಸತ್ತವರ ಮನೆಯವರಿಗೆ ಏಳು ವರ್ಷಗಳವರೆಗೆ, ಅಥವಾ ಸತ್ತವರು ಬದುಕಿದ್ದರೆ 67 ತುಂಬುತ್ತಿದ್ದ ದಿನದವರೆಗೆ, ಯಾವುದು ಮೊದಲೋ ಅಲ್ಲಿಯ ತನಕ ಹೆಚ್ಚಿನ ದರ ಸಿಗುತ್ತದೆ. ಅದು ಶೇಕಡಾ 50, ಅಂದರೆ ರೂ. 20,000. ವಿಶೇಷ ಕುಟುಂಬ ಪಿಂಚಣಿಯಾಗಿದ್ದರೆ ಮೊದಲಿನಿಂದಲೂ ರೂ. 24,000.

ಮೊದಲ ಏಳು ವರ್ಷ ವ್ಯತ್ಯಾಸ ತಿಂಗಳಿಗೆ ನಾಲ್ಕು ಸಾವಿರ ಮಾತ್ರ. ದುಃಖದಲ್ಲಿರುವ ಮನೆ, ತೋಟದ ಕೆಲಸ, ಮಕ್ಕಳ ಓದು. ನಾಲ್ಕು ಸಾವಿರಕ್ಕಾಗಿ ಯಾರು ಪ್ರಯಾಗರಾಜಕ್ಕೆ ಕಾಗದ ಬರೆಯುತ್ತಾರೆ? ಎಂಟನೆಯ ವರ್ಷ ಇದ್ದಕ್ಕಿದ್ದಂತೆ ಇಪ್ಪತ್ತು ಸಾವಿರ ಹನ್ನೆರಡಕ್ಕೆ ಇಳಿಯುತ್ತದೆ. ಈಗ ವ್ಯತ್ಯಾಸ ಹನ್ನೆರಡು ಸಾವಿರ, ಅದೂ ಜೀವನ ಪರ್ಯಂತ. ಆಗ ಎಚ್ಚರವಾಗಿ ಕಾಗದ ಹುಡುಕಲು ಹೊರಟರೆ ನೋಡಿದ ವೈದ್ಯರು ಊರು ಬಿಟ್ಟಿರುತ್ತಾರೆ, ಆಸ್ಪತ್ರೆಯ ಚೀಟಿಗಳನ್ನು ಗೆದ್ದಲು ತಿಂದಿರುತ್ತದೆ. ಪಿಂಚಣಿ ಇಳಿದ ಮೇಲೆ ಕೇಳೋಣವೆಂದು ಕಾಯಬೇಡಿ. ಸತ್ತ ವರ್ಷವೇ ಕೇಳಬೇಕು.

ಬದುಕಿದ್ದಾಗಲೇ ಆಗಬೇಕಾದ ಕೆಲಸ

ಮೇಲಿನ ನಾಯಕನ ಹೆಂಡತಿಗೆ ರೂ. 24,000 ಸಿಗುವುದೋ ಬಿಡುವುದೋ ಎಂಬುದು ಬಹುಮಟ್ಟಿಗೆ ಅವನು ಸೈನ್ಯ ಬಿಡುವ ಕೊನೆಯ ತಿಂಗಳುಗಳಲ್ಲೇ ತೀರ್ಮಾನವಾಗಿರುತ್ತದೆ. ಬಿಡುಗಡೆಗೆ ಮುಂಚೆ ವೈದ್ಯಕೀಯ ಮಂಡಳಿ ಎಂಬುದೊಂದು ಕೂರುತ್ತದೆ. ಯಾವ ರೋಗವಿದೆ, ಶೇಕಡಾ ಎಷ್ಟು ಅಂಗವೈಕಲ್ಯ, ಅದು ಸೇವೆಯಿಂದ ಬಂದದ್ದೇ, ಸೇವೆಯಿಂದ ಉಲ್ಬಣಿಸಿದ್ದೇ, ಎರಡೂ ಅಲ್ಲವೇ ಎಂದು ಮಂಡಳಿ ಬರೆಯುತ್ತದೆ. ಇಂಗ್ಲಿಷ್ ಕಾಗದದಲ್ಲಿ ಕಾಣುವ 'ಅಟ್ರಿಬ್ಯೂಟಬಲ್', 'ಅಗ್ರವೇಟೆಡ್' ಎಂಬ ಎರಡು ಶಬ್ದಗಳು ಇವೇ. 'ನೈದರ್ ಅಟ್ರಿಬ್ಯೂಟಬಲ್ ನಾರ್ ಅಗ್ರವೇಟೆಡ್' ಎಂದು ಬರೆದಿದ್ದರೆ ಎರಡೂ ಅಲ್ಲವೆಂದು ಅರ್ಥ.

ನಮ್ಮ ಕಡೆಯ ಸೈನಿಕರಲ್ಲಿ ಒಂದು ಹಟವಿದೆ. ತನಗೆ ಕಾಯಿಲೆಯಿದೆ ಎಂದು ಬರೆಸಿಕೊಂಡು ಮನೆಗೆ ಬರುವುದು ಅವರಿಗೆ ಅವಮಾನ. "ನನಗೇನಾಗಿದೆ?" ಎಂದು ಕೇಳಿ ಎದೆಯುಬ್ಬಿಸಿ ನಿಲ್ಲುತ್ತಾರೆ. ಬಿಡುಗಡೆಯ ಮೇಲೆ ಬೇರೆ ಕೆಲಸಕ್ಕೆ ಸೇರಬೇಕೆಂಬ ಯೋಚನೆಯಿಂದ ರೋಗವನ್ನು ಮರೆಮಾಚುವವರೂ ಇದ್ದಾರೆ. ಅವರ ಧೈರ್ಯವನ್ನು ನಾವು ಹೀಗಳೆಯುವುದಿಲ್ಲ. ಆದರೆ ಆ ದಿನ ಬರೆಸದ ಒಂದು ಸಾಲಿಗಾಗಿ ಇಪ್ಪತ್ತು ವರ್ಷಗಳ ನಂತರ ಹೆಂಡತಿ ಕಚೇರಿಗೆ ಅಲೆಯಬೇಕಾಗುತ್ತದೆ. ಈಗ ಸೇವೆಯಲ್ಲಿರುವ ಮಕ್ಕಳು ರಜೆಗೆ ಬಂದಾಗ ಮನೆಯ ಹಿರಿಯರು ಈ ಮಾತನ್ನು ಹೇಳಬೇಕು. ಇದ್ದ ರೋಗವನ್ನು ಇದೆಯೆಂದು ಬರೆಸುವುದರಲ್ಲಿ ನಾಚಿಕೆಯಿಲ್ಲ. ಇಲ್ಲದ ರೋಗವನ್ನು ಬರೆಸುವವರೂ ಇದ್ದಾರೆಂಬ ದೂರು ಬೇರೆ. ಅದಕ್ಕೆ ನಾವು ವಕಾಲತ್ತು ವಹಿಸುವುದಿಲ್ಲ.

ರುಜುವಾತಿನ ಭಾರ ಯಾರದು?

ಇಲ್ಲಿ ನಿಯಮಗಳು ಮೂರು ಕಾಲದವು: 1982ರದು, 2008ರದು, 2023ರದು. ಯಾವುದು ಅನ್ವಯಿಸುತ್ತದೆಂಬುದನ್ನು ಸೇವೆ ಬಿಟ್ಟ ದಿನಾಂಕ ನೋಡಿ ತಿಳಿಯಬೇಕು. 2023ರ ನಿಯಮಗಳು ಆ ವರ್ಷದ ಸೆಪ್ಟೆಂಬರ್ 21ರಿಂದ ಈಚಿನವರಿಗೆ.

1982ರ ನಿಯಮಗಳು ಕುಟುಂಬಕ್ಕೆ ಅನುಕೂಲವಾಗಿವೆ. ಸೈನ್ಯಕ್ಕೆ ಸೇರುವಾಗ ಆರೋಗ್ಯವಂತನೆಂದು ತೆಗೆದುಕೊಂಡ ಮೇಲೆ, ಆಗ ಯಾವ ರೋಗವನ್ನೂ ನಮೂದಿಸದಿದ್ದರೆ, ನಂತರ ಬಂದ ರೋಗ ಸೇವೆಯಲ್ಲಿಯೇ ಹುಟ್ಟಿತೆಂದು ಸಾಮಾನ್ಯವಾಗಿ ಭಾವಿಸಬೇಕು. ರುಜುವಾತು ಮಾಡುವ ಹೊಣೆ ಅರ್ಜಿದಾರರದಲ್ಲ. ಸಂದೇಹ ಬಂದರೆ ಅದರ ಲಾಭ ಅರ್ಜಿದಾರರಿಗೆ. ಫೀಲ್ಡ್ ಸೇವೆ ಮಾಡಿದವರಿಗೆ ಇನ್ನೂ ಉದಾರವಾಗಿ. ಸುಪ್ರೀಂ ಕೋರ್ಟು 2013ರ ಜುಲೈ 2ರಂದು ಧರಮ್‌ವೀರ್ ಸಿಂಗ್ ಎಂಬವರ ಮೊಕದ್ದಮೆಯಲ್ಲಿ ಇದನ್ನು ಸ್ಪಷ್ಟವಾಗಿ ಎತ್ತಿಹಿಡಿಯಿತು. 1985ರಲ್ಲಿ ಸೇರಿ, ಮೂರ್ಛೆ ರೋಗದಿಂದ 1994ರಲ್ಲಿ ಹೊರಬಂದ ಸೈನಿಕ ಆತ. ಸೇರುವಾಗ ರೋಗವಿತ್ತೆಂದು ಕಾಗದದಲ್ಲಿಲ್ಲ, ಸೇವೆಗೆ ಸಂಬಂಧವಿಲ್ಲವೆಂದು ಹೇಳಿದ ಮಂಡಳಿ ಕಾರಣ ಬರೆದಿಲ್ಲ; ಆದುದರಿಂದ ಪಿಂಚಣಿ ಕೊಡತಕ್ಕದ್ದೆಂದು ನ್ಯಾಯಾಲಯ ಹೇಳಿತು. 2015ರಲ್ಲಿ ರಾಜ್‌ಬೀರ್ ಸಿಂಗ್ ಮೊಕದ್ದಮೆಯಲ್ಲಿಯೂ ಇದೇ ತೀರ್ಪು. ಇವು ಅಂಗವೈಕಲ್ಯ ಪಿಂಚಣಿಯ ಮೊಕದ್ದಮೆಗಳಾದರೂ, ಸೇವೆಗೂ ರೋಗಕ್ಕೂ ಸಂಬಂಧವುಂಟೇ ಎಂಬ ಪ್ರಶ್ನೆ ಒಂದೇ ಆದ್ದರಿಂದ ವಿಧವೆಯರ ಅರ್ಜಿಗೂ ಆಧಾರವಾಗುತ್ತವೆ.

ಎಲ್ಲ ತೀರ್ಪುಗಳೂ ಒಂದೇ ಕಡೆ ಇಲ್ಲ. 2019ರಲ್ಲಿ ನರಸಿಂಗ್ ಯಾದವ್ ಮೊಕದ್ದಮೆಯಲ್ಲಿ ಮನೋರೋಗವೊಂದರ ಬಗ್ಗೆ ಮಂಡಳಿಯ ಮಾತನ್ನೇ ನ್ಯಾಯಾಲಯ ಒಪ್ಪಿತು. 2008ರ ನಿಯಮಗಳೂ ಬಿಗಿಯಾಗಿವೆ. ಸೇರುವಾಗಿನ ಪರೀಕ್ಷೆ ಮೇಲುಮೇಲಿನದು, ಒಳಗೆ ಅಡಗಿದ ರೋಗ ಅದರಲ್ಲಿ ಕಾಣದಿರಬಹುದು, ಸೇವೆಯಲ್ಲಿದ್ದಾಗ ರೋಗ ಕಾಣಿಸಿಕೊಂಡ ಮಾತ್ರಕ್ಕೆ ಸೇವೆಯೇ ಕಾರಣವೆನ್ನಲಾಗದು ಎಂದು ಅವು ಹೇಳುತ್ತವೆ. ಹೀಗಿದ್ದೂ ಸಾಮಾನ್ಯವಾಗಿ ಅರ್ಜಿದಾರರಿಂದ ರುಜುವಾತು ಕೇಳಬಾರದೆಂಬ ಮಾತು ಅಲ್ಲಿಯೂ ಉಳಿದಿದೆ. ಆದರೆ ಬಿಡುಗಡೆಯಾಗಿ 15 ವರ್ಷ ಕಳೆದ ಮೇಲೆ, ಸೇವಾ ದಾಖಲೆಗಳನ್ನು ನಾಶಮಾಡಿದ ನಂತರ ಅರ್ಜಿ ಹಾಕಿದರೆ ಆ ಹೊಣೆ ಅರ್ಜಿದಾರರ ಮೇಲೆಯೇ ಬೀಳುತ್ತದೆ.

ಅಮೆರಿಕದವರು ಇದನ್ನು ಬೇರೆ ರೀತಿ ಬಿಡಿಸಿದ್ದಾರೆ. ವಿಯಟ್ನಾಮ್ ಯುದ್ಧದಲ್ಲಿ ಅವರು ಕಾಡಿನ ಮೇಲೆ ಸುರಿದ 'ಏಜೆಂಟ್ ಆರೆಂಜ್' ಎಂಬ ಕಳೆನಾಶಕದಲ್ಲಿ ಅರ್ಧ ಭಾಗ ನಮ್ಮ ತೋಟಗಳವರಿಗೂ ಪರಿಚಿತವಾದ 2,4-ಡಿ. ಉಳಿದರ್ಧ 2,4,5-ಟಿ ಎಂಬುದು. ಅದರಲ್ಲಿ ಸೇರಿಕೊಂಡಿದ್ದ ಡಯಾಕ್ಸಿನ್ ವಿಷವೇ ದೊಡ್ಡ ಕೇಡು. ಅಲ್ಲಿ ಇದ್ದ ಒಬ್ಬೊಬ್ಬ ಸೈನಿಕನ ರೋಗಕ್ಕೂ ಅದೇ ಕಾರಣವೆಂದು ತೋರಿಸುವುದು ಯಾರಿಂದಲೂ ಆಗದ ಕೆಲಸ. ಆದ್ದರಿಂದ 1991ರಲ್ಲಿ ಕಾನೂನು ಮಾಡಿ, ರೋಗಗಳ ಪಟ್ಟಿಯೊಂದನ್ನು ಇಟ್ಟುಕೊಂಡರು. ವಿಯಟ್ನಾಮಿನಲ್ಲಿ ಇದ್ದವನಿಗೆ ಪಟ್ಟಿಯಲ್ಲಿರುವ ರೋಗ ಬಂದರೆ ಸೇವೆಯೇ ಕಾರಣವೆಂದು ಭಾವಿಸುತ್ತಾರೆ. 2010ರಲ್ಲಿ ಹೃದಯದ ರಕ್ತನಾಳದ ರೋಗ, 2022ರಲ್ಲಿ ರಕ್ತದೊತ್ತಡ ಈ ಪಟ್ಟಿಗೆ ಸೇರಿದವು. ನಮ್ಮ 1982ರ ನಿಯಮಗಳ ಅನುಬಂಧದಲ್ಲಿಯೂ ಹವೆಯಿಂದ ಹೆಚ್ಚುವ ರೋಗಗಳು, ಮನಸ್ಸು ದೇಹಗಳ ಒತ್ತಡದಿಂದ ಹೆಚ್ಚುವ ರೋಗಗಳು ಎಂಬ ಪಟ್ಟಿಗಳಿವೆ. ಕ್ಷಯ, ರಕ್ತದೊತ್ತಡ, ಹೃದಯಾಘಾತ ಅವುಗಳಲ್ಲಿವೆ. ವ್ಯತ್ಯಾಸವೆಂದರೆ, ಪಟ್ಟಿಯಲ್ಲಿ ಹೆಸರಿದ್ದರೂ ನಮ್ಮಲ್ಲಿ ಒಬ್ಬೊಬ್ಬರ ವಿಷಯವನ್ನೂ ಬೇರೆ ಬೇರೆಯಾಗಿಯೇ ತೂಗುತ್ತಾರೆ.

ಮನೆಯಲ್ಲಿ ಮರಣ ಮತ್ತು ಏಳು ವರ್ಷ

1982ರ ನಿಯಮಗಳಲ್ಲಿ ಇನ್ನೊಂದು ಮಾತು ನಮ್ಮ ಹಳ್ಳಿಗಳ ಮಟ್ಟಿಗೆ ಬಹಳ ಮುಖ್ಯ. ಅನಾರೋಗ್ಯದ ಮೇಲೆ ಸೇವೆಯಿಂದ ಹೊರಬಂದು ಅಂಗವೈಕಲ್ಯ ಪಿಂಚಣಿ ಪಡೆಯುತ್ತಿದ್ದವರು ಮನೆಯಲ್ಲಿ ತೀರಿಕೊಂಡರು. ಅದೇ ರೋಗದಿಂದ ಸತ್ತರೆಂದು ವೈದ್ಯಶಾಸ್ತ್ರದ ದೃಷ್ಟಿಯಿಂದ ಖಂಡಿತವಾಗಿ ಹೇಳಲು ಬರುವುದಿಲ್ಲ. ಆಗ ಏನು ಮಾಡುವುದು? ಹೊರಬಂದ ಏಳು ವರ್ಷಗಳೊಳಗೆ ಸತ್ತರೆ, ಬೇರೆ ವಿರುದ್ಧ ಕಾರಣಗಳಿಲ್ಲದಿದ್ದರೆ, ಸಂದೇಹದ ಲಾಭ ಕುಟುಂಬಕ್ಕೆ. ಏಳು ವರ್ಷ ದಾಟಿದ್ದರೆ ಸಂದೇಹದ ಲಾಭ ಸರ್ಕಾರಕ್ಕೆ. ಆದರೆ ಸಂದೇಹವಿದ್ದರೆ ತಾನೇ ಅದರ ಲಾಭದ ಮಾತು? ಅದೇ ರೋಗದಿಂದ ಸತ್ತರೆಂದು ವೈದ್ಯರ ಕಾಗದ ಸ್ಪಷ್ಟವಾಗಿ ಹೇಳಿದರೆ ಎಂಟನೆಯ ವರ್ಷವೂ ಬಾಗಿಲು ಮುಚ್ಚಿಲ್ಲ.

ಆದುದರಿಂದ ಮರಣ ಕಾರಣದ ವೈದ್ಯಕೀಯ ಪ್ರಮಾಣಪತ್ರದ ಮೇಲೆ ಕಣ್ಣಿರಲಿ. ಇದು ಪಂಚಾಯಿತಿಯಲ್ಲಿ ಕೊಡುವ ಮರಣ ಪ್ರಮಾಣಪತ್ರವಲ್ಲ. ಆಸ್ಪತ್ರೆಯಲ್ಲಿ ಸತ್ತರೆ ನಮೂನೆ 4, ಮನೆಯಲ್ಲಿ ಸತ್ತರೆ ಕೊನೆಗೆ ನೋಡಿದ ವೈದ್ಯರು ಬರೆಯುವ ನಮೂನೆ 4ಎ. ಇದರಲ್ಲಿ ಎರಡು ಭಾಗಗಳಿವೆ. ಮೊದಲನೆಯದರಲ್ಲಿ ತಕ್ಷಣದ ಕಾರಣ, ಅದರ ಕೆಳಗೆ ಅದಕ್ಕೆ ಮೂಲವಾದ ರೋಗ. ಎರಡನೆಯದರಲ್ಲಿ ಮರಣಕ್ಕೆ ಸಹಾಯಕವಾದ ಇತರ ರೋಗಗಳು. ಅವಸರದಲ್ಲಿ 'ಹೃದಯ ಸ್ತಂಭನ' ಎಂದು ಒಂದೇ ಸಾಲು ಗೀಚಿಕೊಡುವುದುಂಟು. ಹೃದಯ ನಿಲ್ಲದೆ ಯಾರೂ ಸಾಯುವುದಿಲ್ಲವಷ್ಟೆ! ಇಂತಿಷ್ಟು ವರ್ಷಗಳಿಂದ ರಕ್ತದೊತ್ತಡವಿತ್ತು, ಸೈನ್ಯದಲ್ಲಿದ್ದಾಗಲೇ ಬಂದದ್ದು, ಇಗೋ ಅದರ ಕಾಗದ ಎಂದು ವೈದ್ಯರ ಮುಂದೆ ಇಟ್ಟರೆ ಅವರು ಮೂಲ ರೋಗವನ್ನೂ ಬರೆಯುತ್ತಾರೆ. ಸುಳ್ಳು ಬರೆಯಿರೆಂದು ಕೇಳಬೇಕಾಗಿಲ್ಲ, ಪೂರ್ತಿ ಬರೆಯಿರೆಂದು ಕೇಳಿದರೆ ಸಾಕು. ಇದರ ಪ್ರತಿಯೊಂದನ್ನು ಹತ್ತಿರದ ಸಂಬಂಧಿಕರಿಗೂ ಕೊಡಬೇಕೆಂದು 2023ರ ತಿದ್ದುಪಡಿಯಲ್ಲಿದೆ. ಆ ಹೊತ್ತಿನಲ್ಲಿ ಹೆಂಡತಿಗೆ ಇದೆಲ್ಲ ಹೊಳೆಯುವುದಿಲ್ಲ. ನೆರೆಮನೆಯವರೋ ಭಾವ ಮೈದುನರೋ ನೋಡಿಕೊಳ್ಳಬೇಕಾದ ಕೆಲಸ ಇದು.

ರಜೆಯಲ್ಲಿ ಬಂದವರ ವಿಷಯ ಬೇರೆ. ನಮ್ಮ ಹುಡುಗರು ಹುತ್ತರಿಗೋ ಕಾಫಿ ಕೊಯ್ಲಿಗೋ ವಾರ್ಷಿಕ ರಜೆ ಹಾಕಿ ಬರುತ್ತಾರೆ. ಬಂದವರು ಸುಮ್ಮನೆ ಕೂರುವುದಿಲ್ಲ. ಮೆಣಸು ಕೊಯ್ಯಲು ಅಲ್ಯೂಮಿನಿಯಂ ಏಣಿ ಎತ್ತಿ ವಿದ್ಯುತ್ ತಂತಿಗೆ ತಗುಲಿಸಿಕೊಂಡರೆ, ಸೇವೆಗೂ ಆ ಮರಣಕ್ಕೂ ಸಂಬಂಧ ಹೇಳುವುದು ಕಷ್ಟ. ವಾರ್ಷಿಕ ರಜೆಯಲ್ಲಿ ಊರಿನಲ್ಲಿದ್ದಾಗ ರಸ್ತೆ ಅಪಘಾತಕ್ಕೆ ಸಿಕ್ಕಿದ ಜುಜಾರ್ ಸಿಂಗ್ ಎಂಬವರ ಅರ್ಜಿಯನ್ನು ಸುಪ್ರೀಂ ಕೋರ್ಟು 2011ರಲ್ಲಿ ಒಪ್ಪಲಿಲ್ಲ. ಆದರೆ ರಜೆಗೆ ಬರುವ ದಾರಿಯಲ್ಲಿ ರೈಲಿನಿಂದ ಬಿದ್ದು ಕೈ ಕಳೆದುಕೊಂಡ ಮದನ್ ಸಿಂಗ್ ಶೇಖಾವತ್ ಎಂಬವರಿಗೆ 1999ರಲ್ಲಿ ಅದೇ ನ್ಯಾಯಾಲಯ ಪಿಂಚಣಿ ಕೊಡಿಸಿತು. ಟಿಕೇಟಿನ ಹಣ ಅವರದೇ ಆಗಿತ್ತೆಂಬ ಸರ್ಕಾರದ ವಾದ ನಿಲ್ಲಲಿಲ್ಲ. ರಜೆಯಲ್ಲಿ ಸತ್ತರೂ ಸಾಮಾನ್ಯ ಕುಟುಂಬ ಪಿಂಚಣಿ ತಪ್ಪುವುದಿಲ್ಲ. ಸೇವೆಯಲ್ಲಿದ್ದಾಗ ಮರಣವಾದರೆ ಅದರ ಹೆಚ್ಚಿನ ದರ ಹತ್ತು ವರ್ಷ ಸಿಗುತ್ತದೆ. ಇದಕ್ಕೆ ಏಳು ವರ್ಷದ ಸೇವೆ ಆಗಿರಬೇಕೆಂಬ ಹಳೆಯ ಷರತ್ತನ್ನು 2019ರ ಅಕ್ಟೋಬರ್ 1ರಿಂದ ತೆಗೆದುಹಾಕಲಾಗಿದೆ.

ಅರ್ಜಿಯ ದಾರಿ

ಮರಣದ ಸುದ್ದಿಯನ್ನು ಮೊದಲು ಆಯಾ ರೆಜಿಮೆಂಟಿನ ರೆಕಾರ್ಡ್ ಆಫೀಸಿಗೆ ತಿಳಿಸಬೇಕು. ಜೊತೆಗೆ, ವಿಶೇಷ ಕುಟುಂಬ ಪಿಂಚಣಿಯನ್ನೇ ಕೇಳುತ್ತಿದ್ದೇವೆಂದು ಬರವಣಿಗೆಯಲ್ಲಿ ಸ್ಪಷ್ಟವಾಗಿ ಹೇಳಬೇಕು. ಕೇಳದಿದ್ದರೆ ಸಾಮಾನ್ಯದ್ದೇ ಮಂಜೂರಾಗಿ ಬರುವ ಸಂಭವ ಹೆಚ್ಚು. ಬಿಡುಗಡೆ ಪುಸ್ತಕ, ಪಿಂಚಣಿ ಆದೇಶ, ವೈದ್ಯಕೀಯ ಮಂಡಳಿಯ ನಡವಳಿ, ಮಾಜಿ ಸೈನಿಕರ ಆರೋಗ್ಯ ಯೋಜನೆಯ ಚಿಕಿತ್ಸೆಯ ಚೀಟಿಗಳು ಬೇಕಾಗುತ್ತವೆ. ಪಹಣಿ, ಸಾಲದ ಪತ್ರಗಳನ್ನು ಇಡುವ ಪೆಟ್ಟಿಗೆಯಲ್ಲೇ ಇವನ್ನೂ ಇಡಿ. ನಮ್ಮ ಮಳೆಗಾಲದ ಥಂಡಿಗೆ ಕಾಗದ ಅಂಟಿಹೋಗುತ್ತದೆ. ಮಂಡಳಿಯ ನಡವಳಿ ಮನೆಯಲ್ಲಿ ಇಲ್ಲದಿದ್ದರೆ ಮಾಹಿತಿ ಹಕ್ಕಿನ ಕಾನೂನಿನ ಪ್ರಕಾರ ಹತ್ತು ರೂಪಾಯಿ ಶುಲ್ಕ ಕಟ್ಟಿ ರೆಕಾರ್ಡ್ ಆಫೀಸಿನಿಂದ ಕೇಳಬಹುದು. ಹದಿನೈದು ವರ್ಷ ತುಂಬುವ ಮುಂಚೆಯೇ, ಯಜಮಾನರು ಆರೋಗ್ಯವಾಗಿರುವಾಗಲೇ ಇದನ್ನು ತರಿಸಿಟ್ಟುಕೊಳ್ಳುವುದು ಒಳ್ಳೆಯದು.

ಹೆಸರಿನ ತೊಡಕೊಂದಿದೆ. ಕೊಡವರಲ್ಲಿ ಮನೆತನದ ಹೆಸರು ಮೊದಲು ಬರುತ್ತದೆ. ಸೈನ್ಯದ ಕಾಗದದಲ್ಲಿ ಅದೇ ಒಂದು ರೀತಿ, ಆಧಾರಿನಲ್ಲಿ ಇನ್ನೊಂದು ರೀತಿ, ಹೆಂಡತಿಯ ಹೆಸರು ಮದುವೆಗೆ ಮುಂಚಿನದು. ಸೈನ್ಯದ ದಾಖಲೆಯಲ್ಲಿ ಹೆಂಡತಿ ಮಕ್ಕಳ ಹೆಸರು ಸರಿಯಾಗಿ ಸೇರಿದೆಯೇ ಎಂದು ಬದುಕಿದ್ದಾಗಲೇ ನೋಡಿಕೊಳ್ಳಬೇಕು.

ಅರ್ಜಿ ತಿರಸ್ಕೃತವಾದರೆ ಆರು ತಿಂಗಳೊಳಗೆ ಮೊದಲ ಮೇಲ್ಮನವಿ, ಅದೂ ಹೋದರೆ ಇನ್ನಾರು ತಿಂಗಳೊಳಗೆ ಎರಡನೆಯದು. ಅದರ ಮೇಲೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ. 2007ರ ಕಾನೂನಿನಿಂದ ಸ್ಥಾಪನೆಯಾಗಿ 2009ರಿಂದ ಕೆಲಸ ಮಾಡುತ್ತಿದೆ. ಎಷ್ಟೋ ಅರ್ಜಿಗಳಿಗೆ ಕೆಳಗೆ ಸಿಗದ ನ್ಯಾಯ ಅಲ್ಲಿ ಸಿಕ್ಕಿದೆ. ಸಿಕ್ಕ ಮೇಲೂ ಸರ್ಕಾರ ಮೇಲಿನ ಕೋರ್ಟಿಗೆ ಎಳೆಯುವುದುಂಟು. ಗಂಡ ಸತ್ತ ಹೆಂಗಸಿನ ಎದುರು ಇಷ್ಟು ದೊಡ್ಡ ಇಲಾಖೆ ಇಷ್ಟು ದೂರ ಹೋಗಬೇಕೇ ಎಂದು ಕೇಳಬೇಕಾದ್ದೇ. ರಕ್ಷಣಾ ಸಚಿವರಾಗಿದ್ದ ಮನೋಹರ ಪರಿಕ್ಕರರು ಇಂತಹ ಮೊಕದ್ದಮೆಗಳನ್ನು ಕಡಿಮೆ ಮಾಡುವುದಕ್ಕೆಂದೇ 2015ರಲ್ಲಿ ತಜ್ಞರ ಸಮಿತಿಯೊಂದನ್ನು ನೇಮಿಸಬೇಕಾಯಿತು.

ಹಳೆಯ ಮರಣವಾಯಿತಲ್ಲ, ಇನ್ನೇನೆಂದು ಕೈಬಿಡಬೇಕಾಗಿಲ್ಲ. ಪಿಂಚಣಿ ಕಡಿಮೆ ಕೊಡುವುದು ತಿಂಗಳು ತಿಂಗಳೂ ಮುಂದುವರಿಯುವ ಅನ್ಯಾಯವೆಂದು 2008ರಲ್ಲಿ ತರ್ಸೇಮ್ ಸಿಂಗ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ತಡವಾಗಿ ಹೋದವರಿಗೆ ಹಕ್ಕು ಸಿಗಬಹುದು, ಹಿಂದಿನ ಬಾಕಿ ಮಾತ್ರ ಸಾಮಾನ್ಯವಾಗಿ ಅರ್ಜಿ ಹಾಕಿದ ದಿನಕ್ಕೆ ಹಿಂದಿನ ಮೂರು ವರ್ಷದ್ದಷ್ಟೇ.

ವಕೀಲರ ಖರ್ಚಿಗೆ ಹೆದರುವವರು ಒಂದು ವಿಷಯ ತಿಳಿಯಬೇಕು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯ 12ನೆಯ ಕಲಮಿನ ಪ್ರಕಾರ ಹೆಂಗಸರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ದೊರೆಯುತ್ತದೆ. ಹೆಸರಿನಲ್ಲಿ ತೋಟವಿದ್ದರೂ ಅಡ್ಡಿಯಿಲ್ಲ. ಇದಕ್ಕೆ ಜಿಲ್ಲಾ ನ್ಯಾಯಾಲಯದಲ್ಲಿರುವ ಪ್ರಾಧಿಕಾರದ ಕಚೇರಿಗೆ ಹೋಗಬೇಕು. ಅರ್ಜಿ ಬರೆಯುವುದಕ್ಕೆ, ರೆಕಾರ್ಡ್ ಆಫೀಸಿನೊಡನೆ ಪತ್ರವ್ಯವಹಾರಕ್ಕೆ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಜಿಲ್ಲಾ ಕಚೇರಿಯಿದೆ. ಕೊಡಗಿನವರಿಗೆ ಅದು ಮಡಿಕೇರಿಯಲ್ಲಿ. ಹೋಗುವಾಗ ಮೂಲ ಕಾಗದಗಳ ಜೊತೆ ಎರಡೆರಡು ನಕಲು ಒಯ್ಯಿರಿ. ಮೂಲವನ್ನು ಎಲ್ಲಿಯೂ ಬಿಟ್ಟು ಬರಬೇಡಿ. ಕೊಟ್ಟ ಅರ್ಜಿಗೆ ದಿನಾಂಕ ಸಹಿತ ಸ್ವೀಕೃತಿ ಪಡೆಯಿರಿ.